ಮನೆಯಲ್ಲಿ ಕನ್ನಡ ಮಾತಾಡಿದರೆ ಲೆಕ್ಕ ಹಿಂದೆ ಬೀಳುವುದಿಲ್ಲ

ಮನೆಯಲ್ಲಿ ಕನ್ನಡ ಮಾತಾಡಿದರೆ ಮಗು ಇಂಗ್ಲಿಷ್, ಲೆಕ್ಕ ಎರಡರಲ್ಲೂ ಹಿಂದೆ ಬೀಳುತ್ತದೆ, ಹೊಸ ಶಿಕ್ಷಣ ನೀತಿಯೂ ಇದನ್ನೇ ಹೇಳುತ್ತದೆ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ಸುಳ್ಳು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುವುದು ಇದರ ಉಲ್ಟಾ: ಸಾಧ್ಯವಾದ ಕಡೆಯೆಲ್ಲ ಕನಿಷ್ಠ 5ನೇ ತರಗತಿವರೆಗೆ ಮನೆಮಾತಿನಲ್ಲಿ ಅಥವಾ ಸ್ಥಳೀಯ ಭಾಷೆಯಲ್ಲಿ ಪಾಠ ಆಗಬೇಕು.

ಲೆಕ್ಕಕ್ಕಂತೂ ಕನ್ನಡ ಒಳ್ಳೆಯ ಜೊತೆ. ಇಪ್ಪತ್ತಮೂರು ಅಂದರೆ ಮೊದಲು ಇಪ್ಪತ್ತು, ಆಮೇಲೆ ಮೂರು ಕಿವಿಗೇ ಬೀಳುತ್ತದೆ, ಅಲ್ವಾ? ಅವರೆಕಾಯಿ ಸುಲಿಯುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹತ್ತು ಹತ್ತು ಕಾಳಿನ ಎರಡು ಗುಡ್ಡೆ, ಮೇಲೆ ಮೂರು ಕಾಳು. "ಒಟ್ಟು ಎಷ್ಟು ಪುಟ್ಟಾ?" ಎಂದು ಕೇಳಿ. ಹೀಗೆ ಕಲಿತದ್ದನ್ನು ಇಂಗ್ಲಿಷಿನಲ್ಲಿ ಮೊದಲಿಂದ ಕಲಿಯಬೇಕಿಲ್ಲ, ಹೊಸ ಹೆಸರು ಕಲಿತರೆ ಸಾಕು. ಬೆರಳು ಮಡಚಿ ಎಣಿಸಿದರೆ ದಯವಿಟ್ಟು ಬೈಯಬೇಡಿ.