ಅಥವಾ ಅದೇ ಥರದ್ದು

ಬಾಡಿಗೆ ಕಾರು ಬುಕ್ ಮಾಡುವ ಪುಟದಲ್ಲಿ ಕಾರುಗಳು ಚೂರು ಓರೆಯಾಗಿ ನಿಂತಿರುತ್ತವೆ, ಫೋಟೋಗೆಂದೇ ತಲೆ ಬಾಚಿಕೊಂಡು ಬಂದವರ ಹಾಗೆ. ಕೆಳಗೆ ದೊಡ್ಡದಾಗಿ ಹೆಸರು. ಹೆಸರಿನ ಪಕ್ಕ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತು: 'ಅಥವಾ ಅದೇ ಥರದ್ದು'.

ಅದನ್ನು ನಾನು ಓದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಓದಿದ್ದೆ. ಬೇರೆ ಯಾರಿಗೋ ಬರೆದಿದ್ದಾರೆ ಎಂದುಕೊಂಡಿದ್ದೆ.

ನನಗೆ ಬೇಕಾಗಿದ್ದದ್ದು ಫೋಕ್ಸ್‌ವ್ಯಾಗನ್ ಗಾಲ್ಫ್. ಹಿಂದೊಮ್ಮೆ ಸ್ನೇಹಿತನ ಗಾಲ್ಫ್‌ನಲ್ಲಿ ಅರ್ಧ ದಿನ ಸುತ್ತಿದ್ದೆ. ಓಡಿಸಿದ್ದು ಅವನು, ನಾನು ಪಕ್ಕದಲ್ಲಿ ಕೂತಿದ್ದೆ ಅಷ್ಟೆ. ಇಳಿದು ಬಾಗಿಲು ಹಾಕಿದಾಗ 'ದಪ್' ಅಂತ ಒಂದು ಸದ್ದು ಬಂತು. ಗಟ್ಟಿ ಮನೆಯ ಬಾಗಿಲು ಹಾಕಿದ ಹಾಗೆ. ಆ ಸದ್ದು ಮನಸ್ಸಲ್ಲೇ ಕೂತುಬಿಟ್ಟಿತು. ಕೊಳ್ಳುವ ಯೋಗ ಇಲ್ಲ, ನಾಲ್ಕು ದಿನದ ಮಟ್ಟಿಗಾದರೂ ಆ ಬಾಗಿಲು ನನ್ನದಾಗಲಿ ಅಂತ ಆಸೆ. ಪ್ರವಾಸಕ್ಕೆ ಎರಡು ತಿಂಗಳು ಮೊದಲೇ ಬುಕ್ ಮಾಡಿದೆ. ಮನೆಯವರಿಗೆ ಹೋಟೆಲಿನ ಬಗ್ಗೆ ಹೇಳಿದ್ದಕ್ಕಿಂತ ಕಾರಿನ ಬಗ್ಗೆ ಹೇಳಿದ್ದೇ ಜಾಸ್ತಿ.

ಏಜೆನ್ಸಿಯ ಕೌಂಟರಿನಲ್ಲಿದ್ದ ಹುಡುಗ ಕಂಪ್ಯೂಟರ್ ನೋಡಿದ, ಕೀಲಿಗಳ ಪೆಟ್ಟಿಗೆ ನೋಡಿದ, ಆಮೇಲೆ ಸಿಹಿ ಸುದ್ದಿ ಹೇಳುವವನ ಮುಖ ಮಾಡಿದ.

"ಸಾರ್, ನಿಮಗೆ ಅಪ್‌ಗ್ರೇಡ್ ಮಾಡಿದ್ದೀವಿ. ಒಂದು ಪೈಸೆ ಜಾಸ್ತಿ ಕೊಡೋ ಹಾಗಿಲ್ಲ."

"ಗಾಲ್ಫ್?"

"ಅದು ಸದ್ಯಕ್ಕಿಲ್ಲ ಸಾರ್. ಅದಕ್ಕಿಂತ ದೊಡ್ಡದೇ ಕೊಟ್ಟಿದ್ದೀವಿ."

ದೊಡ್ಡದೇ. ಏಳು ಸೀಟಿನ ವ್ಯಾನು. ನಾವಿದ್ದದ್ದು ಮೂರು ಜನ, ಅದರಲ್ಲಿ ಒಬ್ಬಳಿಗೆ ಆರು ವರ್ಷ. ಜಗಳಕ್ಕೆ ನಾನು ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ನನ್ನ ಹೆಂಡತಿ, "ಒಳ್ಳೇದೇ ಆಯ್ತಲ್ಲ ಬಿಡ್ರೀ, ಬ್ಯಾಗೆಲ್ಲ ಆರಾಮಾಗಿ ಹಿಡಿಸುತ್ತೆ" ಅಂದಳು. ಅವಳ ಪಾಲಿಗೆ ಕಾರುಗಳಲ್ಲಿ ಇರುವುದು ಮೂರೇ ಜಾತಿ: ಬಿಳಿ, ಕೆಂಪು, ಬೇರೆ ಬಣ್ಣದ್ದು. ಹುಡುಗ ಅವಳ ಕಡೆ ತಿರುಗಿ ನಕ್ಕ. ಪಂಚಾಯ್ತಿ ಅಲ್ಲಿಗೆ ಮುಗಿಯಿತು.

'ಅದೇ ಥರದ್ದು' ಅಂದರೆ ಯಾವ ಥರದ್ದು? ಇದನ್ನು ತೀರ್ಮಾನ ಮಾಡುವವರು ಯಾರು? ನನ್ನ ರಸೀದಿಯಲ್ಲಿ ಒಂದು ಮೂಲೆಯಲ್ಲಿ ನಾಲ್ಕು ಅಕ್ಷರ ಇತ್ತು: ಸಿ, ಡಿ, ಎಂ, ಆರ್. ಅರ್ಥ ಹುಡುಕಿದೆ. ಇದಕ್ಕೆ ಆಕ್ರಿಸ್ ಕೋಡ್ ಅಂತಾರೆ. ಬೇರೆ ಬೇರೆ ಕಂಪನಿಗಳು ತಮ್ಮ ಕಾರುಗಳನ್ನು ಒಂದೇ ಭಾಷೆಯಲ್ಲಿ ಕರೆಯಲಿ ಅಂತ ಮಾಡಿಕೊಂಡ ಏರ್ಪಾಡು. ಮೊದಲ ಅಕ್ಷರ ಕಾರಿನ ಅಂತಸ್ತು: ಸಿ ಅಂದರೆ ಕಾಂಪ್ಯಾಕ್ಟ್. ಎರಡನೆಯದು ಆಕಾರ: ಡಿ ಅಂದರೆ ನಾಲ್ಕೈದು ಬಾಗಿಲು. ಮೂರನೆಯದು ಗೇರು: ಎಂ ಅಂದರೆ ಕೈಯಲ್ಲಿ ಹಾಕುವ ಗೇರು, ಎ ಇದ್ದರೆ ಆಟೋಮ್ಯಾಟಿಕ್. ಕೊನೆಯದು ಇಂಧನ ಮತ್ತು ಎ.ಸಿ. ವಿಚಾರ: ಆರ್ ಅಂದರೆ ಎ.ಸಿ. ಇರುತ್ತದೆ, ಕುಡಿಯುವುದು ಪೆಟ್ರೋಲೋ ಡೀಸೆಲ್ಲೋ ಕೇಳಬೇಡಿ.

ನಾಲ್ಕೂ ಅಕ್ಷರವನ್ನು ತಿರುವಿ ಮುರುವಿ ನೋಡಿದೆ. ಅದರಲ್ಲಿ ಗಾಲ್ಫ್ ಇರಲಿಲ್ಲ. ಬಣ್ಣ ಇರಲಿಲ್ಲ. 'ದಪ್' ಅಂತೂ ಇರಲೇ ಇಲ್ಲ. ಏಜೆನ್ಸಿ ನನಗೆ ಕೊಡುತ್ತೇನೆಂದು ಮಾತು ಕೊಟ್ಟದ್ದು ಆ ನಾಲ್ಕು ಅಕ್ಷರವನ್ನು. ನಾನು ಮನಸ್ಸು ಕೊಟ್ಟದ್ದು ಚಿತ್ರಕ್ಕೆ. ಅಳಿಯ ಬೇರೆ, ಮಗಳ ಗಂಡ ಬೇರೆ ಅಂತ ನಾನೊಬ್ಬನೇ ಹಟ ಹಿಡಿದು ಕೂತಿದ್ದೆ.

ಹಾಗಂತ ಏಜೆನ್ಸಿಯನ್ನು ಬಾಯಿಗೆ ಬಂದಂತೆ ಬಯ್ಯುವುದೂ ನ್ಯಾಯ ಅಲ್ಲ. ನಾನು ಬುಕ್ ಮಾಡಿದ ಹೊತ್ತಿನಲ್ಲಿ ಆ ಗಾಲ್ಫ್ ಅವರ ಅಂಗಳದಲ್ಲಿ ಇರುವುದಿಲ್ಲ. ಅದು ಇನ್ಯಾರದೋ ಕೈಯಲ್ಲಿ, ಇನ್ಯಾವುದೋ ರಸ್ತೆಯಲ್ಲಿ ಓಡುತ್ತಿರುತ್ತದೆ. ಆ ಮನುಷ್ಯ ಬೆಳಿಗ್ಗೆ ತರುತ್ತೇನೆ ಅಂದವನು ಸಂಜೆ ತರಬಹುದು. ಬಂಪರ್ ಸಿಗಿದು ತರಬಹುದು. ಇಲ್ಲಿ ತಗೊಂಡು ಇನ್ನೊಂದು ಊರಲ್ಲಿ ಬಿಟ್ಟು ವಿಮಾನ ಹತ್ತಬಹುದು, ಅದಕ್ಕೂ ಅವಕಾಶ ಇದೆ. ಬುಕ್ ಮಾಡಿದವರೆಲ್ಲ ಬರುವುದೂ ಇಲ್ಲ. ಹಾಗಾಗಿ ವಿಮಾನದ ಸೀಟಿನ ಹಾಗೆ ಇಲ್ಲೂ ಇರುವ ಕಾರಿಗಿಂತ ಒಂದೆರಡು ಜಾಸ್ತಿಯೇ ಬುಕಿಂಗ್ ತಗೊಳ್ಳುವುದುಂಟು. ಯಾರಿಗೆ ಯಾವ ಗಾಡಿ ಅಂತ ಗೊತ್ತಾಗುವುದು ಎಷ್ಟೋ ಸಲ ಅವತ್ತು ಬೆಳಿಗ್ಗೆಯೇ. ಕಡಿಮೆ ಬಾಡಿಗೆಯ ಸಣ್ಣ ಕಾರುಗಳಿಗೇ ಎಲ್ಲರೂ ಮುಗಿಬೀಳುವುದರಿಂದ ಮೊದಲು ಖಾಲಿಯಾಗುವುದೂ ಅವೇ. ಆಗ ಕೊನೆಯಲ್ಲಿ ಬಂದವರಿಗೆ ಉಳಿದ ದೊಡ್ಡ ವ್ಯಾನನ್ನು ಉಡುಗೊರೆಯ ಹಾಗೆ ಕೊಡುತ್ತಾರೆ. ಅಪ್‌ಗ್ರೇಡ್ ಅನ್ನುವ ಪದದ ಹೊಟ್ಟೆಯೊಳಗೆ ಇರುವುದು ಇಷ್ಟೇ. ಜಾಸ್ತಿ ಪೆಟ್ರೋಲ್ ಹಾಕಿಸುವುದು, ನಿಲ್ಲಿಸಲು ಜಾಗ ಸಿಗದೆ ಮೂರು ಸುತ್ತು ಹಾಕುವುದು ನಮ್ಮ ಪಾಲು.

ಕೇಳಿದ ಮಾಡೆಲ್ಲೇ ಖಂಡಿತ ಸಿಗುತ್ತಿದ್ದ ಕಾಲವೂ ಒಂದಿತ್ತು. 1918ರಲ್ಲಿ ಶಿಕಾಗೋದಲ್ಲಿ ವಾಲ್ಟರ್ ಜೇಕಬ್ಸ್ ಎಂಬ ತರುಣ ಒಂದು ಡಜನ್ ಫೋರ್ಡ್ ಮಾಡೆಲ್ ಟಿ ಕಾರುಗಳನ್ನು ಬಾಡಿಗೆಗೆ ಬಿಟ್ಟ. ಅದೇ ಮುಂದೆ ಹರ್ಟ್ಜ್ ಕಂಪನಿಯಾಯಿತು. ಅವನ ಅಂಗಡಿಗೆ ಹೋಗಿ "ನನಗೆ ಮಾಡೆಲ್ ಟಿ ಬೇಕು" ಅಂದರೆ ಸಿಕ್ಕೇ ಸಿಗುತ್ತಿತ್ತು, ಯಾಕೆಂದರೆ ಬೇರೆ ಇರಲೇ ಇಲ್ಲ. ಆ ಕಾಲದಲ್ಲಿ ಕಾರ್ಖಾನೆಯಿಂದ ಅದು ಬರುತ್ತಿದ್ದದ್ದೂ ಕಪ್ಪು ಬಣ್ಣದಲ್ಲಿ ಮಾತ್ರ. 'ಅದೇ ಥರದ್ದು' ಅನ್ನುವ ಮಾತು ಪೂರ್ತಿ ನಿಜವಾಗಿದ್ದದ್ದು ಅಲ್ಲೊಂದೇ ಕಡೆ ಇರಬೇಕು.

ಅದೇ ಕಂಪನಿ 1966ರಲ್ಲಿ ಸುಮಾರು ಸಾವಿರ ಶೆಲ್ಬಿ ಮಸ್ಟಾಂಗ್ ಕಾರುಗಳನ್ನು ತರಿಸಿತು. ಹೆಚ್ಚಿನವು ಕಪ್ಪು ಮೈಗೆ ಚಿನ್ನದ ಬಣ್ಣದ ಪಟ್ಟಿ ಬಳಿದವು. ಓಟದ ಕಾರಿನ ಹತ್ತಿರದ ಸಂಬಂಧಿ ಅನ್ನಬಹುದಾದ ಗಾಡಿಯನ್ನು ಬಾಡಿಗೆಗೆ ಕೊಟ್ಟರೆ ಏನಾಗುತ್ತದೋ ಅದೇ ಆಯಿತು. ಶನಿವಾರ ತಗೊಂಡು ಹೋಗಿ ರೇಸ್ ಓಡಿಸಿ, ಸೋಮವಾರ ಏನೂ ಅರಿಯದವರ ಹಾಗೆ ತಂದು ನಿಲ್ಲಿಸಿದವರ ಕಥೆಗಳು ಇವತ್ತಿಗೂ ಓಡಾಡುತ್ತವೆ. ಆ ಜನರ ಬಗ್ಗೆ ನನಗೆ ಒಳಗೊಳಗೇ ಗೌರವ. 'ಅದೇ ಥರದ್ದು' ಅಂತ ಅವರಿಗೆ ವ್ಯಾನು ಕೊಟ್ಟಿದ್ದರೆ ಏನು ಮಾಡುತ್ತಿದ್ದರೋ!

ಈಗಲೂ ದಾರಿ ಇಲ್ಲ ಅಂತಲ್ಲ. ಕೆಲವು ಕಂಪನಿಗಳು ದುಬಾರಿ ಕಾರುಗಳ ಒಂದು ಸಾಲಿಗೆ 'ಇದೇ ಮಾಡೆಲ್, ಖಚಿತ' ಅಂತ ಬರೆದುಕೊಡುತ್ತವೆ. ಜನ ತಮ್ಮ ಸ್ವಂತ ಕಾರನ್ನೇ ಆ್ಯಪ್ ಮೂಲಕ ಬಾಡಿಗೆಗೆ ಬಿಡುವ ಕಡೆ ಚಿತ್ರದಲ್ಲಿ ಕಂಡ ಕಾರೇ ಬರುತ್ತದೆ, ಹಿಂದಿನ ಸೀಟಿನ ಕಲೆಯ ಸಮೇತ. ಮೇಲಿಂದ ಮೇಲೆ ಬಾಡಿಗೆಗೆ ತಗೊಳ್ಳುವ ಸದಸ್ಯರಿಗೆ ಕೆಲವರು ಒಂದು ಸಾಲು ಕಾರು ತೋರಿಸಿ, ಬೇಕಾದ್ದು ಹತ್ತಿಕೊಂಡು ಹೋಗಿ ಅಂತಾರೆ. ಇದ್ಯಾವುದೂ ಆಗದಿದ್ದರೆ ಹಿಂದಿನ ದಿನ ಕಾರು ಕೊಡುವ ಶಾಖೆಗೇ ಫೋನ್ ಮಾಡಬೇಕು. ದೂರದ ಕಾಲ್ ಸೆಂಟರಿಗೆ ಮಾಡಿದರೆ ಅವರಿಗೆ ಕಾಣುವುದೂ ಅದೇ ನಾಲ್ಕು ಅಕ್ಷರ. ಅಂಗಳದಲ್ಲಿ ಏನು ನಿಂತಿದೆ ಅಂತ ಕಾಣುವುದು ಕಿಟಕಿ ಪಕ್ಕ ಕೂತವನಿಗೆ ಮಾತ್ರ. ಅವನ ಹತ್ತಿರ ಚೂರು ನಗುನಗುತ್ತಾ ಮಾತಾಡಿದರೆ ಕೀಲಿ ಪೆಟ್ಟಿಗೆಯಲ್ಲಿ ಇನ್ನೊಂದು ಕೀಲಿ ಸಿಕ್ಕರೂ ಸಿಕ್ಕೀತು. ಇದೆಲ್ಲ ನನಗೆ ತಿಳಿದದ್ದು ವ್ಯಾನು ವಾಪಸ್ ಕೊಟ್ಟಮೇಲೆ.

ವ್ಯಾನಿನ ಜೊತೆ ನಾನು ಮೊದಲ ದಿನ ಮಾತು ಬಿಟ್ಟಿದ್ದೆ. ಇಂಡಿಕೇಟರ್ ಹಾಕಲು ಹೋದರೆ ವೈಪರ್ ಓಡುತ್ತಿತ್ತು. ಬಿಸಿಲಲ್ಲಿ ಗಾಜು ಒರೆಸಿಕೊಂಡೇ ಎರಡು ತಿರುವು ದಾಟಿದೆ. ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕಿನ ಮುಚ್ಚಳ ಎಡಕ್ಕೋ ಬಲಕ್ಕೋ ಗೊತ್ತಾಗದೆ ಕತ್ತು ಹೊರಗೆ ಹಾಕಿ ನೋಡುತ್ತಿದ್ದಾಗ ಮಗಳು ಹಿಂದಿನಿಂದ, "ಅಪ್ಪಾ, ಅಲ್ಲೊಂದು ಪುಟ್ಟ ಬಾಣ ಇದೆ" ಅಂದಳು. ಪೆಟ್ರೋಲ್ ಮುಳ್ಳಿನ ಪಕ್ಕ ನಿಜಕ್ಕೂ ಒಂದು ಬಾಣ. ಮುಚ್ಚಳ ಯಾವ ಕಡೆ ಇದೆಯೋ ಆ ಕಡೆಗೆ ತೋರಿಸುತ್ತಿತ್ತು. ಫೋರ್ಡ್ ಕಂಪನಿಯ ಜಿಮ್ ಮೊಯ್ಲನ್ ಎಂಬ ನೌಕರ 1986ರಲ್ಲಿ ಮಳೆಯಲ್ಲಿ ಆಫೀಸಿನ ಕಾರಿಗೆ ಪೆಟ್ರೋಲ್ ಹಾಕಿಸಲು ಹೋಗಿ, ತಪ್ಪು ಕಡೆ ನಿಲ್ಲಿಸಿ, ನೆನೆದು ತೊಪ್ಪೆಯಾದನಂತೆ. ವಾಪಸ್ ಬಂದವನೇ ಕೂತು ಈ ಸಲಹೆ ಬರೆದು ಕಳಿಸಿದ. ಅವನೂ ತನ್ನದಲ್ಲದ ಕಾರಿನಲ್ಲೇ ಇದ್ದ ನೋಡಿ. ಸ್ವಂತ ಕಾರಿನವನಿಗೆ ಆ ಬಾಣ ಕಣ್ಣಿಗೇ ಬೀಳುವುದಿಲ್ಲ.

ಮೂರನೇ ದಿನ ದಾರಿಯಲ್ಲಿ ಒಂದು ಗಾಲ್ಫ್ ನಮ್ಮನ್ನು ದಾಟಿ ಹೋಯಿತು. ಬೂದು ಬಣ್ಣದ್ದು. ನಾನು ಕಾಲು ಕಿಲೋಮೀಟರ್ ಅದರ ಹಿಂದೆಯೇ ಹೋದೆ, ಸುಮ್ನೆ. "ಅದನ್ನ ಯಾಕೆ ಹಿಂಬಾಲಿಸ್ತಿದ್ದೀರಿ? ನಮ್ಮ ದಾರಿ ಎಡಕ್ಕಲ್ವಾ?" ಅಂತ ಹೆಂಡತಿ ಎಚ್ಚರಿಸಿದಳು. ಅಷ್ಟು ಹೊತ್ತಿಗೆ ಮಗಳು ಮೂರನೇ ಸಾಲಿನ ಸೀಟನ್ನು ತನ್ನ ಮನೆ ಮಾಡಿಕೊಂಡಿದ್ದಳು. ನಮ್ಮಿಬ್ಬರನ್ನೂ ಒಬ್ಬೊಬ್ಬರಾಗಿ ಅಲ್ಲಿಗೆ ಕರೆಯುತ್ತಿದ್ದಳು. ಹೋಗುವಾಗ ಪಕ್ಕಕ್ಕೆ ಜಾರುವ ಆ ಬಾಗಿಲನ್ನು ಅವಳೇ ತೆಗೆಯಬೇಕು, ಅವಳೇ ಹಾಕಬೇಕು. 'ಸರ್ರ್' ಅನ್ನುವ ಸದ್ದು.

ಮೊನ್ನೆ ಹಳೇ ಫೋಟೋ ನೋಡುತ್ತಿದ್ದೆವು. ವ್ಯಾನಿನ ಬಾಗಿಲಲ್ಲಿ ಮಗಳು ಕಾಲು ಇಳಿಬಿಟ್ಟು ಕೂತಿದ್ದಾಳೆ, ಮುಂದಿನ ಎರಡು ಹಲ್ಲಿಲ್ಲ. "ಇದು ಯಾವ ಕಾರು ರೀ?" ಅಂತ ಹೆಂಡತಿ ಕೇಳಿದಳು. ಕಾರಿನ ವಿಷಯ ಅವಳಾಗಿಯೇ ಕೇಳುವುದು ಅಪರೂಪ. ತುಂಬ ಯೋಚಿಸಿದೆ. ಹೆಸರು ನೆನಪಾಗಲಿಲ್ಲ.

"ಗಾಲ್ಫ್ ಅಲ್ಲ" ಅಂದೆ.