‘ಪ್ರೀತಿಯಿಂದ ಹೇಳಿ’ ಎಂದರೆ ‘ಕುಳಿತುಕೊಳ್ಳಿ’ ಎಂದರ್ಥವೇ?

ಭಾನುವಾರದಿಂದ ಮೂರು ದಿನ ತಡೆದುಕೊಂಡೆ, ಇನ್ನು ಆಗುವುದಿಲ್ಲ. ನನ್ನ ಬಾಯಿ ಎಂಥದ್ದೆಂದು ನಿಮಗೆಲ್ಲ ಗೊತ್ತೇ ಇದೆ. 31 ವರ್ಷ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿ ಸವೆದ ಬಾಯಿ. ಭಾನುವಾರ ಅದೇ ಬಾಯಿಗೆ ಬೀಗ ಬಿದ್ದಿತ್ತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಸಭೆಯವರ ಕೂಟವಿತ್ತು. ಹಾಲ್‌ನ ಹಿಂದಿನ ಬರೆಯನ್ನು, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಇಳಿಜಾರನ್ನು, ಜೆಸಿಬಿಯಿಂದ ಕೊರೆದು ಕಾರು ನಿಲ್ಲಿಸಲು ಜಾಗ ಮಾಡಬೇಕಂತೆ. ಮದುವೆಗೆ ಬಂದವರ ಕಾರುಗಳು ರಸ್ತೆಯುದ್ದಕ್ಕೂ ನಿಲ್ಲುತ್ತವೆ, ನಿಜ. ಬೆಳಿಗ್ಗೆ ಪ್ರಸಂಗಕ್ಕೆ ಹೊರಗಿನಿಂದ ಬಂದಿದ್ದ ಅತಿಥಿಗಳು ಯೆಶಾಯನ 54ನೆಯ ಅಧ್ಯಾಯ ತೆಗೆದು, ಗುಡಾರದ ಸ್ಥಳವನ್ನು ವಿಶಾಲ ಮಾಡು ಎಂಬ ಮಾತಿನ ಮೇಲೆ ಮುಕ್ಕಾಲು ಗಂಟೆ ನಿಂತಿದ್ದರು. ಸೆರೆಯಲ್ಲಿ ನೊಂದ ಜನರಿಗೆ ಹೇಳಿದ ಸಾಂತ್ವನ ನಮ್ಮ ಪಾರ್ಕಿಂಗ್‌ಗೆ ಇಷ್ಟು ಚೆನ್ನಾಗಿ ಒಗ್ಗುತ್ತದೆಂದು ಪ್ರವಾದಿಗೂ ಹೊಳೆದಿರಲಿಕ್ಕಿಲ್ಲ. ಆಮೆನ್‌ಗಳಿಗೇನೂ ಬರವಿರಲಿಲ್ಲ.

ಆಗ ಎದ್ದವರು ನಮ್ಮ ಹಿರಿಯ ಅಂಕಲ್. ಹೆಸರು ಬೇಡ, ಊರಿನವರಿಗೆ ಗೊತ್ತು. ಕಾಫಿ ತೋಟದಲ್ಲಿ ರೈಟರ್ ಆಗಿ, ಅಂದರೆ ಕೆಲಸದ ಲೆಕ್ಕ ನೋಡಿಕೊಂಡು, ಆಯುಷ್ಯ ಕಳೆದವರು, ಮಣ್ಣು ಓದಲು ಬಲ್ಲವರು. ಜೇಬಿನಿಂದ ಚೀಟಿ ತೆಗೆದು, ಕನ್ನಡಕ ಸರಿ ಮಾಡಿಕೊಂಡು ಮೂರೇ ಮಾತು ಓದಿದರು. ಕಳೆದ ಕಕ್ಕಡ ಮಾಸದ ಜಡಿಮಳೆಯಲ್ಲಿ ಬರೆಯ ಬುಡದ ಒರತೆ ಕೆಂಪಾಗಿ ಹರಿದಿತ್ತು. ಮೇಲಿನ ಕಾಫಿ ಗಿಡಗಳ ನಡುವೆ ಅಂಗೈ ಇಳಿಯುವಷ್ಟು ಬಿರುಕಿದೆ. ಅಂಚಿನ ಎರಡು ಸಿಲ್ವರ್ ಮರಗಳು ವಾಲಿವೆ. ಓದಿ ಮುಗಿಸಿ, "ಅಯ್ಯನವರೇ, ಇದು ದೇವರು ಕೊಟ್ಟ ಎಚ್ಚರಿಕೆ. ಬುಡ ಕೊರೆದರೆ ತಲೆ ಕೆಳಗೆ ಬರುತ್ತದೆ. ಕೆಳಗಿನ ಮೂರು ಮನೆಗಳಲ್ಲಿ ಮಕ್ಕಳಿದ್ದಾರೆ. ಗೊತ್ತಿದ್ದೂ ಮಾಡಿದರೆ ಅದು ಪಾಪ" ಎಂದರು.

ಪಾಪ ಎಂಬ ಶಬ್ದ ಬಿದ್ದದ್ದೇ ತಡ, ಸಮಿತಿಯವರಿಗೆ ಪ್ರೀತಿ ನೆನಪಾಯಿತು. "ಅಂಕಲ್, ಪ್ರೀತಿಯಿಂದ ಮಾತನಾಡಿ. ನಕಾರಾತ್ಮಕವಾಗಿ ಬೇಡ. ಕುಳಿತುಕೊಳ್ಳಿ." ಅವರು ಕುಳಿತರು. ಚೀಟಿಯನ್ನು ನಾಲ್ಕಾಗಿ ಮಡಚಿ ಬೈಬಲ್‌ನೊಳಗೆ ಇಟ್ಟುಕೊಂಡರು. ಬರೆ ತೆಗೆಯುವ ನಿರ್ಣಯ ಚಪ್ಪಾಳೆಯೊಂದಿಗೆ ಪಾಸಾಯಿತು.

ಕೊಡಗಿನಲ್ಲಿ 2018ರ ಆಗಸ್ಟ್ ನೋಡಿದ ಜನ ಚಪ್ಪಾಳೆ ತಟ್ಟಿದರು! ಮಕ್ಕಂದೂರು, ಮದೆನಾಡು, ಜೋಡುಪಾಲ ಕಡೆ ಬೆಟ್ಟವೇ ಜಾರಿದ್ದು ಮರೆತುಹೋಯಿತೇ? ಮರುವರ್ಷ ತೋರ ಗ್ರಾಮ, ಅದರ ಮರುವರ್ಷ ತಲಕಾವೇರಿಯ ಮೇಲಿನ ಬೆಟ್ಟ. ನಿರಾಶ್ರಿತರಿಗೆ ಚಪಾತಿ ಲಟ್ಟಿಸಿದ ಕೈಗಳೇ ಭಾನುವಾರ ತಟ್ಟಿದ್ದು.

ಪ್ರೀತಿಯಿಂದ ಎಂದರೆ ಏನು ಸ್ವಾಮಿ? ಎಫೆಸದವರಿಗೆ ಬರೆದ ಪತ್ರದಲ್ಲಿ ಪೌಲ ಪ್ರೀತಿ ಮತ್ತು ಸತ್ಯ ಎರಡನ್ನೂ ಒಂದೇ ವಾಕ್ಯದಲ್ಲಿ ಇಟ್ಟಿದ್ದಾನೆ. ನಾವು ಸತ್ಯವನ್ನು ಕತ್ತರಿಸಿ, ಉಳಿದ ಪ್ರೀತಿಯನ್ನು ಬಾಯಿಗೆ ತುರುಕುವ ಬಟ್ಟೆ ಮಾಡಿಕೊಂಡಿದ್ದೇವೆ. ಕೆಳಗಿನ ಮನೆಯ ಮಕ್ಕಳಿಗಾಗಿ ಎದ್ದು ನಿಂತ ಮುದುಕನಲ್ಲಿ ಪ್ರೀತಿ ಇರಲಿಲ್ಲವಂತೆ. ಕಾರಿಗಾಗಿ ಕೈ ಎತ್ತಿದವರಲ್ಲಿ ತುಂಬಿ ತುಳುಕುತ್ತಿತ್ತಂತೆ.

ಅರಸುಗಳ ಮೊದಲ ಪುಸ್ತಕದ 22ನೆಯ ಅಧ್ಯಾಯ ನನ್ನ ಅಚ್ಚುಮೆಚ್ಚಿನದು. ಯುದ್ಧಕ್ಕೆ ಹೋಗಲೇ ಎಂದು ಇಸ್ರಾಯೇಲಿನ ಅರಸ ಅಹಾಬ ಕೇಳಿದರೆ ಸುಮಾರು 400 ಪ್ರವಾದಿಗಳು ಒಂದೇ ರಾಗದಲ್ಲಿ ಹೋಗು ಎನ್ನುತ್ತಾರೆ. ಒಬ್ಬನಂತೂ ಕಬ್ಬಿಣದ ಕೊಂಬು ಮಾಡಿಸಿಕೊಂಡು ಬಂದಿದ್ದ. ಇನ್ನೊಬ್ಬನಿದ್ದಾನೆ, ಮೀಕಾಯೆಹು, ಆದರೆ ಅವನನ್ನು ಕಂಡರೆ ನನಗಾಗದು, ಒಳ್ಳೆಯದನ್ನು ನುಡಿಯುವುದೇ ಇಲ್ಲ ಎನ್ನುತ್ತಾನೆ ಅರಸ. ನನಗೆ ಇಲ್ಲಿ ಇಷ್ಟವಾಗುವ ಪಾತ್ರ ಅರಸನಲ್ಲ, ಮೀಕಾಯೆಹುವನ್ನು ಕರೆಯಲು ಹೋದ ದೂತ. ದಾರಿಯಲ್ಲೇ ಬುದ್ಧಿ ಹೇಳುತ್ತಾನೆ: ಎಲ್ಲರೂ ಒಳ್ಳೆಯದನ್ನೇ ಹೇಳಿದ್ದಾರೆ, ನೀನೂ ಹಾಗೇ ಹೇಳಿಬಿಡು. ಎಂಥ ಸಭ್ಯ ಮನುಷ್ಯ! ಇಂದು ಬದುಕಿದ್ದರೆ ಯಾವುದಾದರೂ ಸಭೆಯ ಕಾರ್ಯದರ್ಶಿಯಾಗಿರುತ್ತಿದ್ದ. ಕಂಡದ್ದನ್ನು ಹೇಳಿದ ಮೀಕಾಯೆಹುವಿಗೆ ಕೆನ್ನೆಗೆ ಏಟು, ಸೆರೆಮನೆ. ವೇಷ ಮರೆಸಿಕೊಂಡು ಹೋದ ಅಹಾಬನಿಗೆ, ಯಾರೋ ಗುರಿಯಿಲ್ಲದೆ ಬಿಟ್ಟ ಬಾಣ ಕವಚದ ಸಂದಿಯಲ್ಲೇ ನಾಟಿತು.

ಒಂದು ಆಕ್ಷೇಪ ಬರುತ್ತದೆಂದು ಗೊತ್ತು: ಎಚ್ಚರಿಕೆಯ ಹೆಸರಿನಲ್ಲಿ ಜನರನ್ನು ಹೆದರಿಸುವವರಿಲ್ಲವೇ? ಇದ್ದಾರೆ. ಪ್ರವಾಹದ ನೀರು ಇಳಿಯುವ ಮುಂಚೆಯೇ ಕೊಡಗಿನವರ ಪಾಪಕ್ಕೆ ಶಿಕ್ಷೆ ಎಂದು ವಾಟ್ಸಾಪ್‌ನಲ್ಲಿ ಕಳುಹಿಸಿದ ಮಹಾನುಭಾವರನ್ನು ನಾನೂ ಕಂಡಿದ್ದೇನೆ. ಅವರು ಲೂಕನ 13ನೆಯ ಅಧ್ಯಾಯ ಓದಿರಲಿಲ್ಲ. ಬುರುಜು ಬಿದ್ದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ದೊಡ್ಡ ಪಾಪಿಗಳಾಗಿದ್ದರೇ ಎಂದು ಕೇಳಿದ ಯೇಸು, ಇಲ್ಲ ಎಂದು ತಾನೇ ಉತ್ತರಿಸಿ, ನಿಂತು ಕೇಳುತ್ತಿದ್ದವರ ಕಡೆಗೇ ಮಾತು ತಿರುಗಿಸಿದ. ಸತ್ತವರ ಮೇಲೆ ತೀರ್ಪು ಕೊಡುವುದಕ್ಕೆ ಧೈರ್ಯ ಬೇಕಿಲ್ಲ. ಬದುಕಿರುವ ನೆಂಟನಿಗೆ, ಪಕ್ಕದ ಬೆಂಚಿನವನಿಗೆ ಮುಖ ಕೊಟ್ಟು ಹೇಳಬೇಕಲ್ಲ, ಪ್ರವಾದಿ ನಾತಾನ ಅರಸ ದಾವೀದನಿಗೆ ಅವನ ಪಾಪವನ್ನು ಹೇಳಿದಂತೆ, ಅಲ್ಲಿದೆ ಕಷ್ಟ. ಇನ್ನು ಸತ್ಯ ಹೇಳುತ್ತೇನೆಂದು ಪರರ ಸೀರೆ, ಪರರ ಸೊಸೆಯ ಲೆಕ್ಕ ಇಡುವ ಆಂಟಿಯರೂ ನಮ್ಮಲ್ಲಿದ್ದಾರೆ. ಅವರನ್ನು ಯಾರೂ ಕುಳಿತುಕೊಳ್ಳಿ ಎಂದಿಲ್ಲ ಎಂಬುದೇ ನನಗೆ ತಮಾಷೆ.

ವಾರ್ಷಿಕೋತ್ಸವ ಬಂದರೆ ನಾವು ಹರ್ಮನ್ ಮೋಗ್ಲಿಂಗ್ ಅವರ ಹೆಸರೆತ್ತಿ ಎದೆಯುಬ್ಬಿಸುತ್ತೇವೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಡಿಸಿದ ಆ ಮಿಷನರಿ ಭಾನುವಾರದ ಕೂಟಕ್ಕೆ ಬಂದಿದ್ದರೆ ಅಂಕಲ್ ಓದಿದ ಆ ಚೀಟಿಯನ್ನೇ ಮೊದಲ ಪುಟಕ್ಕೆ ಹಾಕುತ್ತಿದ್ದರೇನೋ.

ಈಗ ನನ್ನ ಬೀಗದ ಕಥೆ. ನನಗೆ ಚಿಕ್ಕಪ್ಪನ ಮಗನೊಬ್ಬನಿದ್ದ. ಕೀರ್ತನೆ ಹಾಡಲು ನಿಂತರೆ ಇಡೀ ಚರ್ಚ್ ತಲೆ ಎತ್ತುತ್ತಿತ್ತು. ಕುಡಿಯುತ್ತಿದ್ದ. ಒಂದು ಬೆಳಿಗ್ಗೆ ಮನೆಗೆ ಬಂದು ಕೂತವನ ಕೈಯಲ್ಲಿ ಕಾಫಿ ಲೋಟ ಬಟ್ಟಲಿಗೆ ಟಣಟಣ ತಾಗುತ್ತಿತ್ತು. ಕಣ್ಣು ಅರಿಶಿನ ಬಣ್ಣ. "ಅಕ್ಕ, ನನಗೇನಾದರೂ ಹೇಳಬೇಕಾ?" ಎಂದು ಅವನೇ ಕೇಳಿದ. ನಾನು ಕೇಳಿದ್ದು, "ಸಕ್ಕರೆ ಸಾಕಾ?" ಹೊರಡುವಾಗ, "ನಿನಗಾಗಿ ಪ್ರಾರ್ಥಿಸುತ್ತಿದ್ದೇನೆ" ಎಂದೂ ಸೇರಿಸಿದೆ. ಅದೇ ಮಳೆಗಾಲದಲ್ಲಿ ಅವನನ್ನು ಮಣ್ಣು ಮಾಡಿದೆವು. ಅವನ ಮನಸ್ಸು ನೋಯಬಾರದೆಂದು ಸುಮ್ಮನಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅವನು ನನ್ನ ಮೇಲೆ ಸಿಟ್ಟಾಗುತ್ತಾನೆಂದು ಹೆದರಿದ್ದೆ, ಅಷ್ಟೇ. ಕಾವಲುಗಾರ ಕೊಂಬು ಊದದಿದ್ದರೆ ಸತ್ತವನ ರಕ್ತಕ್ಕೆ ಕಾವಲುಗಾರನೇ ಹೊಣೆ ಎಂದು ಯೆಹೆಜ್ಕೇಲನ ಪುಸ್ತಕದಲ್ಲಿ ಬರುವಾಗಲೆಲ್ಲ ನಾನು ಪುಟ ಬೇಗ ತಿರುಗಿಸುತ್ತೇನೆ.

ಇಷ್ಟೆಲ್ಲ ಗೊತ್ತಿದ್ದೂ ಭಾನುವಾರ ನಾನು ಏಳಲಿಲ್ಲ. ಬರೆ ತೆಗೆಯುವ ಖರ್ಚು ಕೊಡುವವರು ನಮ್ಮ ಬೀಗರ ಕಡೆಯವರು.

ನಿನ್ನೆ ಸಂಜೆ ಅಂಕಲ್ ಮನೆಗೆ ಹೋದೆ. ಅಂಗಳದಲ್ಲಿ ಕರಿಮೆಣಸು ಆರಲು ಹರಡಿದ್ದರು. "ನೀವು ಹೇಳಿದ್ದು ಸರಿ ಅಂಕಲ್, ನನಗೆ ಬಹಳ ಬೇಸರವಾಯಿತು" ಎಂದೆ. ಅವರು ಬಗ್ಗಿ ಮೆಣಸಿನ ತೊಟ್ಟು ಆರಿಸುತ್ತಲೇ ಇದ್ದರು.

"ಟೀಚರೇ, ನೀವು ಎರಡನೆಯ ಬೆಂಚಿನಲ್ಲಿದ್ದಿರಿ. ಎದ್ದಿದ್ದರೆ ಇಬ್ಬರಾಗುತ್ತಿದ್ದೆವು."

ದನಿಯಲ್ಲಿ ಸಿಟ್ಟಿರಲಿಲ್ಲ. ಒಳಗೆ ಹೋಗಿ ಎರಡು ಲೋಟ ಕಾಫಿ ತಂದರು.

ಜೆಸಿಬಿ ಸೋಮವಾರ ಬರುತ್ತದಂತೆ. ಕೆಲಸ ನಿಲ್ಲಿಸಿ, ಮೊದಲು ಭೂವಿಜ್ಞಾನ ತಿಳಿದವರಿಗೆ ತೋರಿಸಿ ಎಂದು ಅರ್ಜಿ ಬರೆದಿದ್ದೇನೆ. ನಾಳೆಯಿಂದ ಮನೆ ಮನೆಗೆ ಬರುತ್ತೇನೆ, ಪೆನ್ನು ನಾನೇ ತರುತ್ತೇನೆ. ಸದ್ಯಕ್ಕೆ ಅದರಲ್ಲಿ ಎರಡು ಸಹಿ ಇವೆ.