ಕಾಂಗ್ರೆಸ್ ಗಿಡದ ಕಷಾಯಕ್ಕೆ 12 ಕ್ರೆಡಿಟ್

ನಮ್ಮಕ್ಕನ ಮಗಳು ಕೆಮಿಸ್ಟ್ರಿ ಆನರ್ಸು, ನಾಲ್ಕನೇ ವರ್ಷ. ಒಂದಿನ ಫೋನ್ ಮಾಡಿ "ಮಾವ, ತೋಟದಲ್ಲಿ ಯಾರೂ ಇನ್ನೂ ಕುದಿಸದೇ ಇರೋ ಎಲೆ ಯಾವ್ದಾದ್ರೂ ಇದ್ಯಾ?" ಅಂದ್ಳು. ಮನೇಲಿ ಯಾರಿಗೋ ಕೆಮ್ಮು ಅನ್ಕೊಂಡೆ. ಅಲ್ವಂತೆ, ರಿಸರ್ಚಂತೆ.

ಗೊತ್ತಿಲ್ಲದೋರಿಗೆ ಹೇಳ್ಬಿಡ್ತೀನಿ. ಎಲೆ ತೊಳೆದು ಕುದಿಸಿ ಸೋಸಿ ಆ ಕಷಾಯನ ಸಿಲ್ವರ್ ನೈಟ್ರೇಟ್ ನೀರಿಗೆ ಹಾಕಿದ್ರೆ ನಿಧಾನಕ್ಕೆ ಡಿಕಾಕ್ಷನ್ ಬಣ್ಣ ಬರತ್ತೆ, ಎಷ್ಟು ಬೆಳಕು ಹೀರತ್ತೆ ಅಂತ ಅಳೆಯೋ ಯುವಿ ಮೆಷಿನ್ನಲ್ಲಿ 420 ನ್ಯಾನೋಮೀಟರ್ ಆಸುಪಾಸು ಗ್ರಾಫ್ ಗುಡ್ಡದ ಥರ ಎದ್ರೆ ಬೆಳ್ಳಿ ನ್ಯಾನೋಪಾರ್ಟಿಕಲ್, ಅಂದ್ರೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಕಣ, ರೆಡಿ, ಆಮೇಲೆ ಈ-ಕೋಲಿ ಬೆಳೆಸಿರೋ ಪ್ಲೇಟಲ್ಲಿ ತೂತು ಮಾಡಿ ನಾಲ್ಕು ಹನಿ ಬಿಟ್ಟು, ಮಾರನೇ ದಿನ ಸುತ್ತ ಬ್ಯಾಕ್ಟೀರಿಯಾ ಸತ್ತಿರೋ ಉಂಗುರನ ಸ್ಕೇಲಲ್ಲಿ ಅಳೆದು ಬರ್ಕೋಬೇಕು. ಸುಳ್ಳೇನಲ್ಲ, ನಿಜವಾದ ವಿಜ್ಞಾನವೇ. ಆದ್ರೆ ತುಳಸಿ, ಬೇವು, ನುಗ್ಗೆ, ಹೊಂಗೆ, ದಾಸವಾಳ ಎಲ್ಲಾನೂ ಸೀನಿಯರ್ಸು ಕುದಿಸಿ ಮುಗಿಸಿದಾರೆ, ಗೈಡ್ ಸರ್‌ಗೆ ನಾವೆಲ್ಟಿ ಬೇಕು. ಪ್ರಶ್ನೆ ಹಳೇದಿದ್ರೂ ನಡಿಯತ್ತೆ, ಎಲೆ ಹೊಸದಿರ್ಬೇಕು.

ಬೇಲಿ ಪಕ್ಕ ಕಾಂಗ್ರೆಸ್ ಗಿಡ ಬಿಟ್ರೆ ಏನೂ ಇಲ್ಲಮ್ಮ ಅಂದೆ, ತಮಾಷೆಗೆ. ಸಂಜೆ ಬಸ್ಸಿಗೆ ಬಂದೇ ಬಿಟ್ಳು. ಬರಿಗೈಲಿ ಎರಡು ಚೀಲ ಕಿತ್ತು, ರಾತ್ರಿಯೆಲ್ಲ ಮೊಣಕೈ ತನಕ ಕೆರ್ಕೊಂಡ್ಳು.

2021ರಲ್ಲಿ ಇಡೀ ದೇಶಕ್ಕೇ ನಾವು ಫಸ್ಟು ಅಂತ ಎನ್‌ಇಪಿ, ಅಂದ್ರೆ ಹೊಸ ರಾಷ್ಟ್ರೀಯ ಶಿಕ್ಷಣ ನೀತಿ ಜೊತೆ ಈ ನಾಲ್ಕು ವರ್ಷದ ಆನರ್ಸ್ ತಂದಿದ್ದು ಬಿಜೆಪಿಯೋರು, 2024ರ ಮೇನಲ್ಲಿ ಬೇಡ ಮೂರೇ ವರ್ಷ ಸಾಕು ಅಂದಿದ್ದು ಕಾಂಗ್ರೆಸ್‌ನೋರು. ಇವಳು 2022ರ ಬ್ಯಾಚು. ಹಿಂದೆ ಇನ್ನೊಂದೇ ಬ್ಯಾಚು, ಆಮೇಲೆ ಅಂಗಡಿ ಬಂದ್. ಕೋರ್ಸ್ ಮುಚ್ಚಿದ್ದೂ ಕಾಂಗ್ರೆಸ್ಸೇ, ಡಿಗ್ರಿ ಕೊಡಿಸ್ತಿರೋದೂ ಕಾಂಗ್ರೆಸ್ಸೇ.

ಇನ್ನು ಗೈಡು. ಕಾಲೇಜುಗಳಿಗೆ ನಿಯಮ ಮಾಡೋ ಕೇಂದ್ರದ ಯುಜಿಸಿ ಪ್ರಕಾರ ಆರು ಸೆಮಿಸ್ಟರಲ್ಲಿ 75 ಪರ್ಸೆಂಟ್ ತೆಗೆದೋರಿಗೆ ಮಾತ್ರ ಈ ರಿಸರ್ಚ್ ಭಾಗ್ಯ, ಪ್ರಾಜೆಕ್ಟಿಗೆ 12 ಕ್ರೆಡಿಟ್, ಡಿಪಾರ್ಟ್‌ಮೆಂಟಲ್ಲಿ ಪಿಎಚ್‌ಡಿ ಗೈಡ್ ಮಾಡೋ ಇಬ್ಬರಾದ್ರೂ ಕಾಯಂ ಮೇಷ್ಟ್ರು ಇರ್ಬೇಕು. ಇದಾರೆ, ಇಲ್ಲ ಅಂತಲ್ಲ. ಒಬ್ರು ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್‌ನ ಫೈಲೊಳಗೆ ಹೋಗಿ ಆರು ತಿಂಗಳಾಯ್ತು, ಇನ್ನೊಬ್ರು ಮೌಲ್ಯಮಾಪನ, ಎಲೆಕ್ಷನ್ ಡ್ಯೂಟಿ, ಮತ್ತೆ ಮೌಲ್ಯಮಾಪನ. ಲ್ಯಾಬಲ್ಲಿ ಪಕ್ಕ ನಿಂತು ಪಿಪೆಟ್ ಹಿಡಿಯೋದು ಹೇಳ್ಕೊಟ್ಟಿದ್ದು ಅತಿಥಿ ಉಪನ್ಯಾಸಕಿ ಮೇಡಂ, ಅವರ ಹೆಸರು ರಿಪೋರ್ಟಲ್ಲಿ ಅಧ್ಯಕ್ಷರು, ಕಾರ್ಯದರ್ಶಿ, ಪ್ರಿನ್ಸಿಪಾಲರಿಗೆಲ್ಲ ಥ್ಯಾಂಕ್ಸ್ ಹೇಳಿ ಮುಗಿದ್ಮೇಲೆ ಬರತ್ತೆ, ಅದೂ ಇನಿಷಿಯಲ್ ತಪ್ಪಾಗಿ. ಯುವಿ ಮೆಷಿನ್ ಮೇಲೆ ಆಯುಧಪೂಜೆ ಕುಂಕುಮ ಇನ್ನೂ ಹಾಗೇ ಇದೆ, ಒಳಗಿನ ಲ್ಯಾಂಪ್ ಹೋಗಿದೆ. ಹಾಗಾಗಿ ಕಷಾಯ ಕೆಎಸ್‌ಆರ್‌ಟಿಸಿ ಹತ್ಕೊಂಡು ಬೆಂಗಳೂರಿಗೆ ಹೋಗ್ಬಂತು, ದುಡ್ಡು ನಮ್ಮ ಭಾವಂದು.

ಕೊನೇಗೆ ಸಿಮಿಲಾರಿಟಿ ಚೆಕ್, ಬೇರೆಯೋರು ಬರೆದಿದ್ದಕ್ಕೆ ರಿಪೋರ್ಟ್ ಎಷ್ಟು ಹೋಲತ್ತೆ ಅಂತ ಕಂಪ್ಯೂಟರಲ್ಲಿ ನೋಡೋದು. ಹತ್ತು ಪರ್ಸೆಂಟ್ ದಾಟಂಗಿಲ್ಲ, ಇವಳದ್ದು 46 ಬಂತು. ಹುಡುಗಿ ಅಳೋದೊಂದು ಬಾಕಿ. ಕಾಲೇಜ್ ಎದುರಿನ ಜೆರಾಕ್ಸ್ ಅಂಗಡಿಯವನು ಮಾತ್ರ "ಬಿಡಿ ಮೇಡಂ, ಎಂಟಕ್ಕೆ ಇಳಿಸ್ಕೊಡ್ತೀನಿ, ಬೈಂಡಿಂಗ್ ಸೇರಿ" ಅಂದ. ಅದ್ಯಾವ್ದೋ ಸಾಫ್ಟ್‌ವೇರಿಗೆ ಹಾಕ್ದ, ನಿಜಕ್ಕೂ ಎಂಟಾಯ್ತು. ರಟ್ಟಿನ ಮೇಲೆ ಬಂಗಾರದ ಅಕ್ಷರ, ಗೈಡ್ ಸರ್ ಕಾರಿಡಾರಲ್ಲೇ ನಿಂತು ಮೂರು ಕಾಪಿಗೂ ಸೈನ್ ಹಾಕಿದ್ರು.

ಮನೇಲಿ ತೆಗೆದು ನೋಡಿದೆ. ಇಂಗ್ಲಿಷಲ್ಲಿ ಕಾಂಗ್ರೆಸ್ ಗ್ರಾಸ್ ಅಂತಿದ್ದಿದ್ದೆಲ್ಲ ಪಾರ್ಲಿಮೆಂಟ್ ಗ್ರಾಸ್ ಆಗಿದೆ.